ಕಿವಿ ಮಶಿನ್ ಅಕ್ಕನ ಲಾಡ್ಜ್ ವಾಸ

ಲಾಡ್ಜಿನಲ್ಲಿ ಉಳಿದು, ಏನೂ ಆಗದೆ ಆರಾಮವಾಗಿ ಮನೆಗೆ ಬಂದೆ ಅನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಕೋಣೆಯ ಬೀಗದ ಕೈ ಸಿಕ್ಕ ಗಳಿಗೆಯಿಂದಲೇ ಏನಾದರೊಂದು ಶುರುವಾಗುತ್ತದೆ.

ನಾನು ಹುಬ್ಬಳ್ಳಿಯ ಒಂದು ಕಿವಿ ಮಶಿನ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಹುಟ್ಟಿದ್ದು ಅಂಕೋಲೆಯಲ್ಲಿ. ಕರಾವಳಿಯ ಮಾತು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರು ನನ್ನ ಪಾಲಿಗೆ ಬಂದಿವೆ. ತಿಂಗಳಿಗೊಮ್ಮೆ ಹೊರಟು ಒಂದೊಂದು ಊರಲ್ಲಿ ಒಂದೊಂದು ದಿನ ಯಾವುದಾದರೂ ಸಣ್ಣ ದವಾಖಾನೆಯಲ್ಲಿ ಕೂತು, ಬಂದವರ ಕಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಮಶಿನ್ ಹಾಕಿ ಬರಬೇಕು. ಜನ ನನ್ನನ್ನು ಕರೆಯುವುದೇ ಕಿವಿ ಮಶಿನ್ ಅಕ್ಕ ಅಂತ.

ಪ್ರವಾಸಕ್ಕೆ ಬಂದವರು ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೋಗಿ ಸಮುದ್ರ ಕಾಣುವ ಕೋಣೆ ಕೇಳುತ್ತಾರೆ. ನಾನು ಇಳಿಯುವುದು ಪೇಟೆಯ ಹಿಂದಿನ ಓಣಿಗಳಲ್ಲಿ. ನನ್ನ ಕಿಟಕಿ ತೆಗೆದರೆ ಕಾಣುವುದು ಪಕ್ಕದ ಮನೆಯವರು ಒಣಗಲು ಹಾಕಿದ ಬಟ್ಟೆ. ಒಂದೊಂದು ಸಲ ಪಕ್ಕದ ಮನೆಯವರೇ ಕಾಣುತ್ತಾರೆ.

ಭಟ್ಕಳದ ಚಿಲಕ

ಭಟ್ಕಳದಲ್ಲಿ ನಾನು ಉಳಿಯುವ ಲಾಡ್ಜ್ ಹಳೇ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿದೆ. ಅವತ್ತು ಹತ್ತು ಗಂಟೆಗೆ ದವಾಖಾನೆಯಲ್ಲಿ ಇಪ್ಪತ್ತು ಜನಕ್ಕೆ ಬರಲು ಹೇಳಿದ್ದೆ. ಎಂಟೂವರೆಗೆ ಸ್ನಾನ ಮುಗಿಸಿ ಬಚ್ಚಲಿನ ಚಿಲಕ ಎಳೆದರೆ ಬರಲಿಲ್ಲ. ಜಗ್ಗಿದೆ. ಸೋಪು ಹಚ್ಚಿ ಜಗ್ಗಿದೆ. ದೇವರ ಹೆಸರು ಹೇಳಿ ಜಗ್ಗಿದೆ. ಚಿಲಕದ ಹಿಡಿ ಕಿತ್ತು ಕೈಗೆ ಬಂತು, ಚಿಲಕ ಅಲ್ಲೇ ಉಳಿಯಿತು.

ಫೋನು ಹೊರಗೆ ಮಂಚದ ಮೇಲೆ. ಬಟ್ಟೆಯೂ ಮಂಚದ ಮೇಲೆ. ಮೈಮೇಲೆ ಒಂದು ಟವೆಲ್. ಕೋಣೆಯ ಬಾಗಿಲಿಗೂ ಒಳಗಿನಿಂದ ನಾನೇ ಅಗಳಿ ಹಾಕಿದ್ದೆ. ಬಾಗಿಲು ಬಡಿದೆ, ಕೂಗಿದೆ. ಕೆಳಗೆ ಬಟ್ಟೆ ಅಂಗಡಿಯವರು ಬಾಗಿಲು ತೆಗೆಯುವ ಗಲಾಟೆಯಲ್ಲಿ ನನ್ನ ಗಲಾಟೆ ಯಾರಿಗೂ ತಿಳಿಯಲಿಲ್ಲ. ಗಾಳಿಯೂ ಸರಿಯಾಗಿ ಆಡದ ಬಚ್ಚಲು.

ಬಕೆಟ್ಟು ಮಗುಚಿ ಹಾಕಿ, ಅದರ ಮೇಲೆ ಹತ್ತಿ, ಮೇಲಿನ ಸಣ್ಣ ಕಿಟಕಿಯಲ್ಲಿ ಮುಖ ತೂರಿಸಿದೆ. ಪಕ್ಕದ ಮನೆಯ ತಾರಸಿ ಕೈಗೆಟುಕುವಷ್ಟು ಹತ್ತಿರ. ಅಲ್ಲಿ ಒಬ್ಬ ಅಜ್ಜಿ ಚಾಪೆ ಹಾಸಿ ಮೆಣಸು ಒಣಗಿಸುತ್ತಿದ್ದರು. ನನಗೆ ಹೋದ ಜೀವ ಬಂತು.

"ಅಜ್ಜೀ! ಬಾಗಿಲು ಸಿಕ್ಕಿಬಿದ್ದಿದೆ! ಲಾಡ್ಜಿನವರಿಗೆ ಹೇಳಿ!"

ಅಜ್ಜಿ ತಲೆಯೆತ್ತಿ, ಕಿಟಕಿಯಲ್ಲಿ ಒದ್ದೆ ತಲೆಯೊಂದು ಬಾಯಿ ಬಡಿದುಕೊಳ್ಳುವುದನ್ನು ನೋಡಿದರು. ಚೆಂದವಾಗಿ ನಕ್ಕು ಕೈ ಬೀಸಿದರು. ನಾನು ಇನ್ನೂ ಜೋರಾಗಿ ಕೂಗಿದೆ. ಅವರು ತುತ್ತು ಬಾಯಿಗಿಡುವ ಹಾಗೆ ಕೈ ಮಾಡಿ, ನಾಷ್ಟಾ ಆಯ್ತಾ ಅಂತ ಕೇಳಿದರು. ನಾನು ಇಲ್ಲ, ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅಯ್ಯೋ ಪಾಪ ಅನ್ನುವ ಮುಖ ಮಾಡಿಕೊಂಡು ಅಜ್ಜಿ ಕೆಳಗಿಳಿದು ಹೋದರು.

ಹತ್ತು ನಿಮಿಷ ಬಿಟ್ಟು ಬಂದರು, ಕೈಯಲ್ಲಿ ಒಂದು ತಟ್ಟೆ ಬಿಸಿ ಶ್ಯಾವಿಗೆ. ಅತ್ತೆ ತಾರಸಿಯ ಮೇಲೆ ಯಾರಿಗೆ ಉಪಚಾರ ಮಾಡುತ್ತಿದ್ದಾರೆ ಅಂತ ನೋಡಲು ಹಿಂದೆಯೇ ಸೊಸೆ ಬಂದಳು. ನನ್ನ ಪುಣ್ಯ.

"ಅಯ್ಯೋ ಆಂಟಿ, ಅವರಿಗೆ ಕಿವಿ ಕೇಳೂದಿಲ್ಲ!" ಅಂದಳು.

ಅವಳು ಫೋನ್ ಮಾಡಿದ ಮೇಲೆ ಮ್ಯಾನೇಜರು ಬಂದು ಕೋಣೆಯ ಹೊರಗಿನಿಂದ, "ಮೇಡಂ, ಬಾಗಿಲು ತೆಗೀರಿ" ಅಂದರು.

"ತೆಗೆಯಲಿಕ್ಕಾದರೆ ನಿಮ್ಮನ್ನ ಯಾಕೆ ಕರೀತಿದ್ದೆ!"

"ಹಾಗಾದ್ರೆ ಒಡೀಲಾ?"

"ಬೇಡ! ಒಡೆದರೆ ನಿಮ್ಮನ್ನ ಪೊಲೀಸರಿಗೆ ಕೊಡ್ತೇನೆ!" ಅಂತ ಟವೆಲ್ ಬಿಗಿಹಿಡಿದು ಚೀರಿದೆ.

ಕೊನೆಗೆ ಸೊಸೆಯೇ ಬಟ್ಟೆ ಒಣಗಿಸುವ ಕೋಲಿನ ತುದಿಗೆ ಸ್ಕ್ರೂಡ್ರೈವರ್ ಕಟ್ಟಿ ಕಿಟಕಿಯಲ್ಲಿ ಕೊಟ್ಟಳು. ಚಿಲಕದ ನಾಲ್ಕೂ ಸ್ಕ್ರೂ ಬಿಚ್ಚಿ ಹೊರಗೆ ಬಂದಾಗ ಹತ್ತು ಹೊಡೆದಿತ್ತು.

ಎದ್ದೆನೋ ಬಿದ್ದೆನೋ ಅಂತ ದವಾಖಾನೆಗೆ ಓಡಿದರೆ, ಮೊದಲ ಕುರ್ಚಿಯಲ್ಲಿ ಅದೇ ಅಜ್ಜಿ. ಸೊಸೆ ಕರೆದುಕೊಂಡು ಬಂದಿದ್ದಳು. ಪರೀಕ್ಷೆ ಮಾಡಿ, ಮಶಿನ್ ಹಾಕಿ, ಸ್ವಿಚ್ಚು ಒತ್ತಿದೆ. ಮೊದಲ ಸಲ ಶಬ್ದ ಕಿವಿಗೆ ಬಿದ್ದಾಗ ಎಷ್ಟೋ ಜನ ಅತ್ತುಬಿಡುತ್ತಾರೆ. ಅಜ್ಜಿ ಅಳಲಿಲ್ಲ. ನನ್ನ ಕಡೆ ಆರಾಮವಾಗಿ ತಿರುಗಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೇಳಿದರು. ಸೊಸೆ ನಗು ತಡೆದುಕೊಂಡು ಕನ್ನಡದಲ್ಲಿ ಹೇಳಿದಳು:

"ಬೆಳಿಗ್ಗೆ ಏನೋ ಹೇಳ್ತಾ ಇದ್ರಂತಲ್ಲ, ಈಗ ಹೇಳಬೇಕಂತೆ."

ಕುಮಟೆಯ ಬೆಂಕಿ

ಕುಮಟೆಯಲ್ಲಿ ಒಂದು ಸಲ ದವಾಖಾನೆಯಲ್ಲಿ ಬಣ್ಣ ಹಚ್ಚುತ್ತಿದ್ದರು. ಲಾಡ್ಜಿನ ಮ್ಯಾನೇಜರು ಒಳ್ಳೆಯವರು. "ಕೆಳಗಿನ ಖಾಲಿ ಕೋಣೆಯಲ್ಲಿ ಕೂತ್ಕಣಿ, ಆದ್ರೆ ಗಲಾಟೆ ಆಗಬಾರದು, ಮೇಲೆ ಗಿರಾಕಿಗಳಿದ್ದಾರೆ" ಅಂದರು. ಕಿವಿ ಪರೀಕ್ಷೆಯಲ್ಲಿ ಗಲಾಟೆ ಎಂಥದು ಅಂತ ಒಪ್ಪಿಕೊಂಡೆ.

ನಮ್ಮದೊಂದು ಪರೀಕ್ಷೆ ಇದೆ. ಎದುರಿಗೆ ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ತುಟಿ ಕಾಣದ ಹಾಗೆ ಕೈ ಅಡ್ಡ ಹಿಡಿದು, ನಾನು ಮೈಕಿನಲ್ಲಿ ಸಣ್ಣ ದನಿಯಲ್ಲಿ ಒಂದೊಂದೇ ಶಬ್ದ ಹೇಳುತ್ತೇನೆ, ಅವರು ಕೇಳಿದ್ದನ್ನು ತಿರುಗಿ ಹೇಳಬೇಕು. ಅವತ್ತು ಬಂದವರು ಧಾರೇಶ್ವರದ ಒಬ್ಬ ಅಜ್ಜ, ಮೊದಲು ದೋಣಿಯ ಮೇಲೆ ಕೆಲಸ ಮಾಡಿದವರು. ಕಿವಿ ಕೇಳದವರು ದೊಡ್ಡದಾಗಿ ಮಾತಾಡುತ್ತಾರೆ. ದೋಣಿಯ ಮೇಲಿದ್ದವರಂತೂ ಮೊದಲಿಂದಲೂ ದೊಡ್ಡದಾಗಿಯೇ ಮಾತಾಡುತ್ತಾರೆ. ಅಜ್ಜನಲ್ಲಿ ಎರಡೂ ಸೇರಿತ್ತು.

"ಮನೆ" ಅಂದೆ ಮೆಲ್ಲಗೆ.

"ಮನೆ!" ಅಂದರು ಅಜ್ಜ. ಕಿಟಕಿಯ ಗಾಜು ಅದುರಿತು.

"ಬೆಂಕಿ" ಅಂದೆ.

"ಬೆಂಕಿ!" ಅಂದರು. ಸರಿಯಾಗಿ ಕೇಳಿತೋ ಇಲ್ಲವೋ ಅಂತ ಅನುಮಾನ ಬಂದು ಮತ್ತೆ ಎರಡು ಸಲ, "ಬೆಂಕಿ! ಬೆಂಕಿ!"

ಮೇಲೆ ಧಡಧಡ ಅಂತ ಕಾಲಿನ ಸದ್ದು. ಯಾರೋ ಹೆಂಗಸು ಕಿರುಚಿದರು. ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡಿದ್ದ ಒಬ್ಬರು ಸೂಟ್‌ಕೇಸ್ ಅಪ್ಪಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಹಾರಿದರು. ನಿಜವಾಗಿಯೂ ಎಲ್ಲೋ ಬೆಂಕಿ ಬಿದ್ದಿರಬೇಕು ಅಂತ ನಾನೂ ಎದ್ದು ನಿಂತೆ. ಅಷ್ಟರಲ್ಲಿ ಮ್ಯಾನೇಜರು ಬಾಗಿಲು ದೂಡಿ, ತುಂಬಿದ ಬಕೆಟ್ಟು ಎತ್ತಿಕೊಂಡು, ಏದುಸಿರು ಬಿಡುತ್ತಾ ಎದುರು ನಿಂತರು.

ಹೆಡ್‌ಫೋನ್ ಹಾಕಿದ್ದರಿಂದ ಈ ಯಾವ ಗದ್ದಲವೂ ಕಿವಿಗೆ ಬೀಳದ ಅಜ್ಜ ಮ್ಯಾನೇಜರನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಮುಖ ಅರಳಿತು. ನಾನು ಬಾಯಿ ತೆಗೆಯುವ ಮೊದಲೇ ಮುಂದಿನ ಉತ್ತರ ಕೊಟ್ಟುಬಿಟ್ಟರು:

"ನೀರು!"

ಹೊನ್ನಾವರದಲ್ಲಿ ಹೆಣ್ಣು ನೋಡಿದ್ದು

ಒಂದು ಮದುವೆ ನನ್ನ ಕೈಯಿಂದ ಮುರಿದುಹೋಗುವುದರಲ್ಲಿತ್ತು.

ಹೊನ್ನಾವರದಲ್ಲಿ ಬಂದರಿನ ಕಡೆಗೆ ಹೋಗುವ ಓಣಿಯ ಲಾಡ್ಜಿನಲ್ಲಿದ್ದೆ. ಒಬ್ಬರು ಫೋನ್ ಮಾಡಿ, "ನಮ್ಮ ಮನೇಲಿ ಒಬ್ಬರಿಗೆ ಕಿವಿ ಕೇಳೂದಿಲ್ಲ, ಅಲ್ಲಿಗೆ ಬರೂಕೆ ಆಗೂದಿಲ್ಲ. ಮೂರು ಗಂಟೆಗೆ ಜನ ಕಳಿಸ್ತೆ, ನೀವೇ ಬಂದು ನೋಡಬೇಕು" ಅಂದರು. ಆತು ಅಂದೆ.

ನನಗೆ ತಿಳಿಯದ ಸಂಗತಿ ಏನೆಂದರೆ, ಅದೇ ಲಾಡ್ಜಿನ ಮೇಲಿನ ಕೋಣೆಯಲ್ಲಿ ಹುಬ್ಬಳ್ಳಿಯಿಂದಲೇ ಬಂದ ಇನ್ನೊಬ್ಬ ಹೆಂಗಸು ಇಳಿದಿದ್ದರು. ಅವರು ತಮ್ಮನ ಮಗನಿಗೆ ಹೆಣ್ಣು ನೋಡಲು ಬಂದವರು. ಅವರನ್ನೂ ಮೂರು ಗಂಟೆಗೇ ಕರೆದೊಯ್ಯಲು ಜನ ಬರುವುದಿತ್ತು.

ಮೂರಕ್ಕೆ ಸರಿಯಾಗಿ ಇಸ್ತ್ರಿ ಅಂಗಿಯ ಒಬ್ಬರು ಬಂದು, "ಹುಬ್ಬಳ್ಳಿಯಿಂದ ಬಂದ ಅಕ್ಕ ಎಲ್ಲಿ?" ಅಂದರು. ಮ್ಯಾನೇಜರು ಪೇಪರಿನಿಂದ ತಲೆಯೆತ್ತದೆ ನನ್ನ ಕಡೆ ಬೆರಳು ತೋರಿಸಿದರು. ನಾನು ಪೆಟ್ಟಿಗೆ ಹಿಡಿದು ಅವರ ಗಾಡಿ ಹತ್ತಿದೆ. ಗಾಡಿ ಮಾವಿನಕುರ್ವೆಯ ದಾರಿ ಹಿಡಿಯಿತು.

ಮನೆಯ ಮುಂದೆ ರಂಗೋಲಿ. ಕಾಲು ತೊಳೆಯಲು ನೀರು. ಎಳನೀರು, ಶಿರಾ, ಅವಲಕ್ಕಿ. ಜಗಲಿಯಲ್ಲಿ ಹತ್ತು ಜನ ಎದ್ದು ನಿಂತು ಕೈ ಮುಗಿದರು. ಕಿವಿ ಪರೀಕ್ಷೆಗೆ ಇಷ್ಟು ಮರ್ಯಾದೆ ಯಾವ ಊರಲ್ಲೂ ಸಿಕ್ಕಿರಲಿಲ್ಲ.

"ಹೊತ್ತು ಮಾಡೂದು ಬೇಡ, ಕರೀರಿ" ಅಂದೆ.

ಸೀರೆ ಉಟ್ಟು ಹೂ ಮುಡಿದ ಹುಡುಗಿ ಚಹಾದ ತಟ್ಟೆ ಹಿಡಿದು ಬಂದು ಎದುರು ಕೂತಳು. ಅಯ್ಯೋ, ಇಷ್ಟು ಸಣ್ಣ ವಯಸ್ಸಿಗೆ ಅಂತ ನನಗೆ ಕರುಳು ಚುರುಕ್ ಅಂದಿತು. ಅವಳ ಹತ್ತಿರ ಬಾಗಿ, ಕಿವಿ ಕೇಳದವರ ಜೊತೆ ಮಾತಾಡುವ ದನಿಯಲ್ಲಿ, "ನಿನ್ನ ಹೆಸರೇನು!" ಅಂತ ಕೂಗಿದೆ. ಹುಡುಗಿ ಬೆಚ್ಚಿ ಚಹಾ ಚೆಲ್ಲಿದಳು.

"ಎಷ್ಟು ವರ್ಷದಿಂದ ಹೀಗೆ?" ಅಂತ ತಾಯಿಯನ್ನು ಕೇಳಿದೆ.

ತಾಯಿಯ ಮುಖ ಕಪ್ಪಿಟ್ಟಿತು. "ಎಂತ ಹೀಗೆ?"

"ಮುಚ್ಚಿಡಬೇಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಮದುವೆ ಆಗೂಕೂ ಅಡ್ಡಿ ಇಲ್ಲ, ಕೂದಲಲ್ಲಿ ಮುಚ್ಚಿ ಹೋಗ್ತದೆ."

ತಂದೆ ಕೂತಲ್ಲಿಂದ ನಿಧಾನವಾಗಿ ಎದ್ದರು. ನಾನು ಅದನ್ನೆಲ್ಲ ಗಮನಿಸದೆ ಪೆಟ್ಟಿಗೆಯಿಂದ ಟಾರ್ಚು ತೆಗೆದು, ಹುಡುಗಿಯ ಕಿವಿ ಹಿಂದಕ್ಕೆಳೆದು ಒಳಗೆ ಇಣುಕಿದೆ. ಹಿಂದೆ ಯಾರೋ ಅಂದದ್ದು ಕೇಳಿತು: "ಹುಬ್ಬಳ್ಳಿ ಕಡೆಯವರು ಕಿವಿ ಒಳಗೂ ನೋಡ್ತ್ರನಾ?"

ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಮುಂದೆ ಬಂದು ನಿಂತರು. "ನಮ್ಮ ಹುಡುಗಿಗೆ ಐಬು ಅದೆ ಹೇಳಿ ನಿಮಗೆ ಯಾರು ಹೇಳಿದ್ರು? ಹೆಸರು ಹೇಳಿ ನೀವು!"

ಆಗ ನನಗೆ ಬೆಳಕಾಯಿತು. ಹೂವು, ಶಿರಾ, ಚಹಾದ ತಟ್ಟೆ. ನೆಲ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸಿತು. "ನಾನು ಹುಡುಗನ ಕಡೆಯವಳಲ್ಲ, ಕಿವಿ ಮಶಿನ್ನಿನವಳು" ಅಂತ ಮೂರು ಸಲ ಹೇಳಿದರೂ ಯಾರೂ ನಂಬಲಿಲ್ಲ. ತಂದೆ, "ಮಾತು ತಿರುಗಿಸ್ಬೇಡಿ" ಅಂತ ಗದರಿದರು. ಕಡೆಗೆ ಪೆಟ್ಟಿಗೆಯನ್ನು ಜಗಲಿಯ ಮೇಲೆ ಸುರಿದು ಅದರಲ್ಲಿದ್ದ ಮಶಿನ್‌ಗಳನ್ನೆಲ್ಲ ತೋರಿಸಬೇಕಾಯಿತು.

ಗಾಡಿಯಲ್ಲಿ ಹುಡುಗಿಯ ಮನೆಯವರನ್ನೂ ಕೂರಿಸಿಕೊಂಡು ಲಾಡ್ಜಿಗೆ ಬಂದರೆ, ಹುಡುಗನ ನಿಜವಾದ ಸೋದರತ್ತೆ ಆಗಲೇ ವಾಪಸು ಬಂದು ಬ್ಯಾಗು ಕಟ್ಟುತ್ತಿದ್ದರು. ಅವರನ್ನು ಕರೆದೊಯ್ದದ್ದು ಕಿವಿ ಕೇಳದವರ ಮನೆಗೆ. "ಹೆಣ್ಣು ಕರ್ಕೊಂಡ್ ಬರ್ರಿ ಅಂದ್ರ ಎಂಬತ್ತು ವರ್ಷದ ಅಜ್ಜನ್ನ ಕುರ್ಚಿ ಸಮೇತ ಎತ್ತಿಕೊಂಡ್ ಬಂದ್ರವ್ವಾ! ಎಡಕಿಂದ ನೋಡ್ತೀರೋ ಬಲಕಿಂದ ನೋಡ್ತೀರೋ ಅಂತ ಕೇಳಿದ್ರು!" ಅಂತ ಅವರು ಕೂಗಾಡುತ್ತಿದ್ದರು.

ಒಂದು ನಿಮಿಷ ಎರಡೂ ಕಡೆಯವರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೊದಲು ನಕ್ಕದ್ದು ಹುಡುಗಿಯ ತಾಯಿ. ಆಮೇಲೆ ಅತ್ತೆ. ನಾನು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಆದರೆ ಸಂಬಂಧ ಕೂಡಿಬಂತು. ಎರಡು ತಿಂಗಳು ಬಿಟ್ಟು ಹುಡುಗಿಯೇ ಮದುವೆಯ ಕಾಗದ ಹಿಡಿದು ಲಾಡ್ಜಿಗೆ ಬಂದಳು. ನಾನು ಕ್ಷಮೆ ಕೇಳಲು ಹೊರಟರೆ ಕೈ ಅಡ್ಡ ಮಾಡಿದಳು.

"ಅದೆಲ್ಲ ಬಿಡಿ ಅಕ್ಕಾ. ನೀವು ಹುಬ್ಬಳ್ಳಿಯಲ್ಲೇ ಇರೂದಲ್ವಾ, ಹುಡುಗನ ಕಿವಿಯನ್ನೂ ಒಮ್ಮೆ ನೋಡಿ ಬಿಡಿ. ನಾಳೆ ನಾ ಹೇಳಿದ್ದು ಕೇಳಬೇಕಲ್ಲ ಅವರಿಗೆ."

ಅಕ್ಕೋರ ಲಾಡ್ಜಿನ ಹಾವು

ಬೆಂಕಿಯ ಪ್ರಸಂಗದ ನಂತರ ಕುಮಟೆಯ ಆ ಲಾಡ್ಜಿಗೆ ಹೋಗಲು ಮುಖವಿರಲಿಲ್ಲ. ಹೊಸ ಜಾಗ ಹುಡುಕಿದೆ. ಶಾಲೆಯಿಂದ ನಿವೃತ್ತಿಯಾದ ಅಕ್ಕೋರು, ಅಂದರೆ ಟೀಚರೊಬ್ಬರು, ತಮ್ಮ ಮನೆಯನ್ನೇ ಆರು ಕೋಣೆಯ ಲಾಡ್ಜ್ ಮಾಡಿದ್ದರು. ಹಿಂದೆ ಗೇರು ಮರಗಳ ಬೇಣ, ಹುಲ್ಲು ಬೆಳೆದ ಗುಡ್ಡ. ಸ್ವಚ್ಛ ಕೋಣೆ, ಒಳ್ಳೆಯ ಊಟ. ಇಲ್ಲಿ ಏನೂ ಆಗಲಾರದು ಅಂದುಕೊಂಡೆ.

ಸಂಜೆ ನಾಲ್ಕಕ್ಕೆ ದವಾಖಾನೆಯಿಂದ ಬಂದು, ಕೈಚೀಲ ಮೇಜಿನ ಮೇಲಿಟ್ಟು ಕೂತಿದ್ದೆ. ಕಸ ಗುಡಿಸಲು ಬಂದ ಹೆಂಗಸು ಹೊಸಿಲಲ್ಲೇ ಕಲ್ಲಾಗಿ ನಿಂತಳು.

"ಅಕ್ಕಾ, ಅಲ್ಲಾಡಬೇಡಿ. ಕೇಳ್ತಾ?"

"ಎಂತದು?"

"ಸುಂಯ್ ಅಂತದೆ. ಹಾವು!"

ನಾನು ಕಿವಿಗೊಟ್ಟೆ. ನನಗೆ ಏನೂ ಕೇಳಲಿಲ್ಲ. ಆದರೆ ಹಾವು ಅನ್ನುವ ಶಬ್ದ ಕೇಳಿತಲ್ಲ, ಮಂಚದ ಮೇಲೆ ಹಾರಿ ನಿಂತೆ.

ಅಕ್ಕೋರು ಓಡಿ ಬಂದರು. ಒಂದು ಗಳಿಗೆ ಉಸಿರು ಹಿಡಿದು, "ಹೌದು, ಕೇಳ್ತದೆ" ಅಂದರು. ನನ್ನ ಕಡೆ ತಿರುಗಿ, "ನಿಮಗೆ ಕೇಳ್ತದ್ಯ?"

ಇಪ್ಪತ್ತೈದು ವರ್ಷದಿಂದ ಊರಿನವರ ಕಿವಿ ಪರೀಕ್ಷೆ ಮಾಡುವವಳು. ಇಬ್ಬರಿಗೆ ಕೇಳಿದ್ದು ನನಗೆ ಕೇಳುವುದಿಲ್ಲ ಅಂತ ಹೇಗೆ ಹೇಳುವುದು? "ಹಾಂ, ಸ್ಪಷ್ಟವಾಗಿ!" ಅಂದುಬಿಟ್ಟೆ.

ಓಣಿಯ ಜನವೆಲ್ಲ ಅಂಗಳದಲ್ಲಿ ಸೇರಿದರು. ಹಾವು ಹಿಡಿಯುವವರೊಬ್ಬರು ಬಂದರು, ಒಂದು ಕೈಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಗೋಣಿಚೀಲ. ಎಲ್ಲರೂ ಬಾಯಿ ಮುಚ್ಚಿ ಅಂತ ಸನ್ನೆ ಮಾಡಿದರು. ಸೂಜಿ ಬಿದ್ದರೂ ಕೇಳುವಂಥ ಮೌನ. ಬೇರೆಯವರಿಗೆ ಕೇಳುವಂಥದ್ದು ಅನ್ನಬೇಕು.

"ಇದೇ ಕೋಣೆಯೊಳಗದೆ. ಆದ್ರೆ ಯಾವ ಬದಿಯಿಂದ ಬತ್ತದೆ ಹೇಳಿ ಗೊತ್ತಾಗೂದಿಲ್ಲ" ಅಂದರು ಅವರು.

ಅಕ್ಕೋರು ಹೆಮ್ಮೆಯಿಂದ, "ನಮ್ಮ ಮೇಡಂ ಕಿವಿಯದ್ದೇ ಕೆಲಸ ಮಾಡುವವರು. ಅವರನ್ನ ಕೇಳಿ" ಅಂದರು.

ಎಲ್ಲರ ಕಣ್ಣೂ ನನ್ನ ಮೇಲೆ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಬಹಳ ಯೋಚಿಸಿದವಳ ಹಾಗೆ ಬೆರಳು ಕೆಳಗೆ ತೋರಿಸಿದೆ. "ಮಂಚದ ಅಡಿಯಿಂದ."

ಮಂಚದ ಮೇಲೆ ನಾನೇ ನಿಂತಿದ್ದೇನೆ ಅನ್ನುವುದು ಆಮೇಲೆ ಹೊಳೆಯಿತು. ನನ್ನನ್ನು ಇಬ್ಬರು ಎತ್ತಿ ಮೇಜಿನ ಪಕ್ಕ ಇಳಿಸಿದರು. ಹಾಸಿಗೆ ಜಗಲಿಗೆ ಹೋಯಿತು. ಮಂಚ ಬಿಚ್ಚಿ ತುಂಡು ತುಂಡಾಗಿ ಅಂಗಳಕ್ಕೆ ಹೋಯಿತು. ಹಾವಿಲ್ಲ. "ಈಗ ಎಲ್ಲಿ?" ಅಂದರು. "ಕಪಾಟಿನ ಹಿಂದೆ" ಅಂದೆ. ನಾಲ್ಕು ಜನ ಸೇರಿ ಕಪಾಟು ಜರುಗಿಸಿದರು. ಹಾವಿಲ್ಲ. ನಾನು ಹೇಳಿದ ಕಡೆಯೆಲ್ಲ ಕೋಣೆ ಬರಿದಾಗುತ್ತಾ ಬಂತು. ಗುಡಿಸುವ ಹೆಂಗಸು ಮಾತ್ರ, "ಮೇಜಿನ ಕಡೆಯಿಂದಲ್ದ?" ಅಂತ ಎರಡು ಸಲ ಗೊಣಗಿದಳು. ಅಕ್ಕೋರು, "ನಿನಗಿಂತ ಅವರಿಗೆ ಹೆಚ್ಚು ಗೊತ್ತದೆ, ಸುಮ್ಮನಿರು" ಅಂದರು.

ಹಾವು ಹಿಡಿಯುವವರಿಗೆ ಯಾಕೋ ಅನುಮಾನ ಬಂತು. ಎಲ್ಲರನ್ನೂ ಅಂಗಳಕ್ಕೆ ಕಳಿಸಿ ಬಾಗಿಲು ಮುಚ್ಚಿದರು. ಒಳಗೆ ಉಳಿದದ್ದು ಅವರು, ಅಕ್ಕೋರು, ನಾನು. ಮೆಲ್ಲಗೆ ಮೇಜಿನ ಹತ್ತಿರ ಬಂದು, ಕೊಕ್ಕೆಯಿಂದ ನನ್ನ ಕೈಚೀಲದ ಬಾಯಿ ಅಗಲಿಸಿದರು. ನಾನು ಗೋಡೆಗೆ ಅಂಟಿಕೊಂಡೆ. ನನ್ನ ಚೀಲದಲ್ಲೇ ಹಾವು! ಅವರು ಕೊಕ್ಕೆ ಇಳಿಸಿ, ಒಂದು ಸಣ್ಣ ಬಟ್ಟೆಯ ಸಂಚಿ ಮೇಲೆತ್ತಿದರು. ಅದರೊಳಗಿದ್ದದ್ದು ದವಾಖಾನೆಯಲ್ಲಿ ತೋರಿಸಲು ಒಯ್ದಿದ್ದ ಕಿವಿ ಮಶಿನ್. ನಾನು ಆಫ್ ಮಾಡಲು ಮರೆತಿದ್ದೆ. ಆನ್ ಇದ್ದ ಮಶಿನ್ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಸಿಳ್ಳೆ ಹಾಕುತ್ತದೆ. ಇದನ್ನು ದಿನಕ್ಕೆ ಹತ್ತು ಸಲ ಬೇರೆಯವರಿಗೆ ಹೇಳಿಕೊಡುವವಳು ನಾನೇ.

ಅವರು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. "ನಮ್ಮ ಅಬ್ಬೆಯ ಮಶಿನ್ನೂ ಹೀಂಗೇ ಕೂಗ್ತದೆ" ಅಂದರು. ಆಮೇಲೆ ಕೈಯನ್ನು ನನ್ನ ಕಿವಿಯ ಹತ್ತಿರಕ್ಕೆ ತಂದರು. "ಈಗ ಕೇಳ್ತದ್ಯ ಮೇಡಂ?"

ಕಿವಿಯ ಪಕ್ಕದಲ್ಲಿ, ಎಲ್ಲೋ ದೂರದಲ್ಲಿ ಸೊಳ್ಳೆ ಹಾರಿದ ಹಾಗೆ. ಅಷ್ಟೇ.

"ಸ್ವಲ್ಪ" ಅಂದೆ.

"ಅಷ್ಟು ಹೊತ್ತು?"

"ಇಲ್ಲ. ಒಂದು ಸಲವೂ ಇಲ್ಲ."

ಅಕ್ಕೋರು ಬಿಚ್ಚಿಹೋದ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. "ಮತ್ತೆ ಮಂಚ ತೋರಿಸಿದ್ದೆಂತಕ್ಕೆ ಮಾರಾಯ್ತಿ?"

ಶಾಲೆಯಲ್ಲಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದೆ. ನಾಚಿಕೆ ಪಡುವಂಥದ್ದು ಏನಿಲ್ಲ ಅಂತ ಸಾವಿರಾರು ಜನಕ್ಕೆ ಹೇಳಿದ್ದೇನೆ. ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ನಮ್ಮ ಅಂಗಡಿಯಲ್ಲಿ ನನ್ನದೇ ಕುರ್ಚಿಯ ಎದುರು ಕೂತು ಪರೀಕ್ಷೆ ಮಾಡಿಸಿಕೊಂಡೆ, ಮಾತು ಕೇಳಿದರೂ ಸಣ್ಣ ಸಿಳ್ಳೆ ಕೇಳುವುದಿಲ್ಲ ಅಂತ ತಿಳಿಯಿತು, ಈಗ ನನ್ನ ಎರಡೂ ಕಿವಿಗೆ ಮಶಿನ್ ಇದೆ, ಅದೆಲ್ಲ ಸರಿ. ಆದರೆ ಆ ಹೊತ್ತಿಗೆ ಆ ಬಾಗಿಲು ತೆಗೆದು ಹೊರಗೆ ಹೋಗುವುದು ಹೇಗೆ? ಅಂಗಳದಲ್ಲಿ ಐವತ್ತು ಜನ. ಅವರಲ್ಲಿ ನಾಲ್ಕೈದು ಮಂದಿ ನನ್ನಿಂದಲೇ ಮಶಿನ್ ಹಾಕಿಸಿಕೊಂಡವರು. ಹೊರಗಿನಿಂದ ಬಾಗಿಲು ಬಡಿಯತೊಡಗಿದ್ದರು. "ಸಿಕ್ತಾ? ಹಾವು ಸಿಕ್ತಾ?"

ಹಾವು ಹಿಡಿಯುವವರು ನನ್ನ ಮುಖ ನೋಡಿದರು. ಮಶಿನ್ ಆಫ್ ಮಾಡಿ ನನ್ನ ಕೈಗಿಟ್ಟರು. ಖಾಲಿ ಗೋಣಿಚೀಲದ ಬಾಯಿಯನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದರು. ಬಾಗಿಲು ತೆಗೆದು, ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು, ದಾರಿ ಬಿಡಿ ದಾರಿ ಬಿಡಿ ಅನ್ನುತ್ತಾ ಮೆಟ್ಟಿಲಿಳಿದರು. ಜನ ಚೆಲ್ಲಾಪಿಲ್ಲಿಯಾದರು.

"ಯಾವ ಹಾವು? ದೊಡ್ಡದಾ?" ಅಂತ ಯಾರೋ ಕೇಳಿದರು.

"ಇಲ್ಲ, ಸಣ್ಣದು" ಅಂದರು ಅವರು. "ವಿಷ ಇಲ್ಲ. ಪಾಪ, ಅದಕ್ಕೆ ಕಿವಿ ಕೇಳೂದಿಲ್ಲ."